ಬರೆದು ಓದುವುದೋ, ಬಾಯಿಪಾಠವೋ, ಚೀಟಿಯೋ: ಭಾಷಣದ ರೀತಿ ಆರಿಸಿಕೊಳ್ಳುವ ಬಗೆ

ಚೀಟಿ ನೋಡದೆ ಮಾತಾಡುವವರೇ ಒಳ್ಳೆಯ ಭಾಷಣಕಾರರು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಶಾಲೆಯ ಭಾಷಣ ಸ್ಪರ್ಧೆಯ ದಿನಗಳಲ್ಲೇ ಅದು ತಲೆಗೆ ಇಳಿದಿರುತ್ತದೆ. ಹೀಗಾಗಿ, ಓದಿದ್ದರೆ ಸಾಕಾಗುತ್ತಿದ್ದ ಕಡೆ ಬಾಯಿಪಾಠ ಮಾಡಿ ನಡುವೆ ತಡವರಿಸುವವರೂ ಸಿಗುತ್ತಾರೆ, ಮಾತಾಡಿದ್ದರೆ ಚೆನ್ನಾಗಿರುತ್ತಿದ್ದ ಕಡೆ ಹನ್ನೆರಡು ಪುಟ ಓದಿ ಸಭೆಯ ಹಿಂದಿನ ಸಾಲುಗಳನ್ನು ಖಾಲಿ ಮಾಡಿಸುವವರೂ ಸಿಗುತ್ತಾರೆ.

1893ರ ಸೆಪ್ಟೆಂಬರ್ 11ರಂದು ಚಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಆಡಿದ ಮೊದಲ ಮಾತುಗಳಿಗೆ ಬರೆದ ಪ್ರತಿ ಇರಲಿಲ್ಲ. ಉಳಿದವರೆಲ್ಲ ಭಾಷಣ ಸಿದ್ಧಮಾಡಿಕೊಂಡು ಬಂದಿದ್ದರು, ತಮ್ಮ ಬಳಿ ಏನೂ ಇರಲಿಲ್ಲ ಎಂದು ಅವರೇ ಆಮೇಲೆ ಪತ್ರದಲ್ಲಿ ಬರೆದಿದ್ದಾರೆ. ಅದೇ ಸಮ್ಮೇಳನದಲ್ಲಿ ಸೆಪ್ಟೆಂಬರ್ 19ರಂದು ಹಿಂದೂ ಧರ್ಮದ ಬಗ್ಗೆ ಅವರು ಪ್ರಬಂಧ ಬರೆದು ಓದಿದರು. ಸ್ವಾಗತಕ್ಕೆ ಉತ್ತರ ಹೇಳುವಾಗ ಎದುರಿನ ಜನರನ್ನು ನೋಡಿ ಆಡಿದ ಮಾತು ಸಾಕಿತ್ತು. ಒಂದು ಧರ್ಮದ ತತ್ತ್ವವನ್ನು ಅಪರಿಚಿತರ ಮುಂದಿಡುವಾಗ ಪದಗಳನ್ನು ತೂಗಿ ನೋಡಬೇಕಿತ್ತು. ಎಂಟೇ ದಿನಗಳ ಅಂತರದಲ್ಲಿ ಒಬ್ಬರೇ ವ್ಯಕ್ತಿ ಎರಡು ರೀತಿ ಬಳಸಿದರು, ಎರಡೂ ಆಯಾ ಹೊತ್ತಿಗೆ ಸರಿಯಾಗಿಯೇ ಇದ್ದವು.

ರೀತಿಯನ್ನು ಗೊತ್ತುಮಾಡುವುದು ಸಂದರ್ಭ. ಮಾತಾಡುವವರ ಪ್ರತಿಭೆಯ ಪ್ರಶ್ನೆ ಬರುವುದು ಅದರ ನಂತರ.

ಮೊದಲು ಇವನ್ನು ಕೇಳಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಪದ ತಪ್ಪಿದರೆ ಆಗುವ ನಷ್ಟ ಎಷ್ಟು? ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶ ಶೇಕಡಾ 9 ಎನ್ನುವ ಬದಲು 19 ಎಂದರೆ ಸಭೆಯೇ ಗೊಂದಲಕ್ಕೆ ಬೀಳುತ್ತದೆ. ವಂದನಾರ್ಪಣೆಯಲ್ಲಿ ದಾನಿಗಳೊಬ್ಬರ ಹೆಸರು ಬಿಟ್ಟುಹೋದರೆ ಅದು ವರ್ಷಗಟ್ಟಲೆ ನೆನಪಿರುತ್ತದೆ. ನಿವೃತ್ತರಾಗುವ ಮೇಷ್ಟರ ಬಗ್ಗೆ ಹಳೆಯ ವಿದ್ಯಾರ್ಥಿ ಮಾತಾಡುವಾಗ ಮಾತ್ರ ಒಂದು ವಾಕ್ಯ ಹಿಂದೆಮುಂದಾದರೆ ಯಾರಿಗೂ ಬೇಸರವಿಲ್ಲ. ಹಾಳೆ ನೋಡಿಕೊಂಡು ಹೊಗಳಿದರೆ ಬೇಸರವಾಗುತ್ತದೆ.

ಎರಡನೆಯದು ಸಮಯದ ಕಟ್ಟುನಿಟ್ಟು. ಆಕಾಶವಾಣಿಯ ಚಿಂತನ, ಸ್ಪರ್ಧೆ, ಮುಂಚೆಯೇ ಚಿತ್ರೀಕರಿಸುವ ವೀಡಿಯೊ ಇವು ನಿಮಿಷಕ್ಕೆ ಸರಿಯಾಗಿ ಮುಗಿಯಬೇಕು. ಮೂರನೆಯದು ತಯಾರಿಗೆ ಇರುವ ಹೊತ್ತು, ಇದನ್ನು ಗಂಟೆಗಳಲ್ಲಿ ಎಣಿಸಬೇಕು. ಹತ್ತು ನಿಮಿಷದ ಮಾತನ್ನು ಬರೆದು ಓದಲು ಸುಮಾರು ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಅದನ್ನೇ ಬಾಯಿಪಾಠ ಮಾಡಬೇಕಾದರೆ ಹತ್ತು ಗಂಟೆ ಬೇಕು, ಅದನ್ನೂ ಒಂದು ವಾರಕ್ಕೆ ಹಂಚಿಕೊಳ್ಳಬೇಕು. ಚೀಟಿ ಹಿಡಿದು ಮಾತಾಡಲು ವಿಷಯ ಗೊತ್ತಿದ್ದವರಿಗೆ ಎರಡು ಮೂರು ಗಂಟೆ ಸಾಕು. ನಾಲ್ಕನೆಯದು ಜಾಗ: ಮೈಕ್ ಸ್ಟ್ಯಾಂಡ್‌ನಲ್ಲಿದೆಯೋ ಕೈಯಲ್ಲಿ ಹಿಡಿಯುವಂಥದೋ, ಹಾಳೆ ಇಡಲು ಪೋಡಿಯಂ ಇದೆಯೋ, ಬೆಳಕು ಹಾಳೆಯ ಮೇಲೆ ಬೀಳುತ್ತದೆಯೋ ಕಣ್ಣಿಗೆ ಹೊಡೆಯುತ್ತದೆಯೋ. ಕೊನೆಯದು ವಿಷಯದ ಮೇಲೆ ಮತ್ತು ಭಾಷೆಯ ಮೇಲೆ ನಿಮಗಿರುವ ಹಿಡಿತ. ಇವೆರಡೂ ಬೇರೆ ಬೇರೆ. ಮಣ್ಣಿನ ವಿಜ್ಞಾನ ಚೆನ್ನಾಗಿ ಬಲ್ಲವರು ಅದನ್ನು ಕನ್ನಡದಲ್ಲಿ ಹೇಳಿ ರೂಢಿಯಿಲ್ಲದೆ ಎಡವಬಹುದು.

ಈ ಪ್ರಶ್ನೆಗಳನ್ನು ಇಡೀ ಭಾಷಣಕ್ಕೆ ಒಟ್ಟಾಗಿ ಕೇಳಬೇಡಿ, ಭಾಷಣದ ಒಂದೊಂದು ಭಾಗಕ್ಕೂ ಕೇಳಿ. ಬಹುಪಾಲು ಭಾಷಣಗಳಿಗೆ ಒಂದೇ ರೀತಿ ಸಾಲುವುದಿಲ್ಲ.

ಬರೆದು ಓದುವುದು

ಸಂವಿಧಾನದ 176ನೇ ವಿಧಿಯಂತೆ ವಿಧಾನಮಂಡಲವನ್ನು ಉದ್ದೇಶಿಸಿ ರಾಜ್ಯಪಾಲರು ಮಾಡುವ ಭಾಷಣ ಮಂತ್ರಿಮಂಡಲ ಸಿದ್ಧಪಡಿಸಿದ್ದು. ಅದನ್ನು ಓದಿಯೇ ಹೇಳುತ್ತಾರೆ. ಬಜೆಟ್ ಭಾಷಣವೂ ಹಾಗೆಯೇ. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೀಯ ಭಾಷಣವನ್ನು ಮುಂಚೆಯೇ ಅಚ್ಚು ಹಾಕಿಸಿ ಹಂಚುವ ರೂಢಿ ಇದೆ. ಮಾತು ದಾಖಲೆಯಾಗಿ ಉಳಿಯಬೇಕಾದಲ್ಲಿ, ಮರುದಿನ ಪತ್ರಿಕೆಯವರು ಒಂದು ವಾಕ್ಯವನ್ನೇ ಎತ್ತಿಕೊಳ್ಳಬಹುದಾದಲ್ಲಿ ಓದುವುದೇ ಸರಿ, ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಓದು ಕೆಡುವುದಕ್ಕೆ ಮುಖ್ಯ ಕಾರಣ ಕಣ್ಣಿಗಾಗಿ ಬರೆದದ್ದನ್ನು ಕಿವಿಗೆ ಬಡಿಸುವುದು. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. "ನಮ್ಮ ಸಂಘವು ದಾನಿಗಳ ನೆರವಿನಿಂದ ತಾಲೂಕಿನ ಮೂರು ಶಾಲೆಗಳಿಗೆ ಪುಸ್ತಕ, ಬೆಂಚು ಹಾಗೂ ಕುಡಿಯುವ ನೀರಿನ ಶೋಧಕಗಳನ್ನು ಒದಗಿಸಲು ಕಳೆದ ಜೂನ್ ತಿಂಗಳಲ್ಲಿ ತೀರ್ಮಾನಿಸಿ ಆ ಪ್ರಕಾರ ವಿತರಿಸಲಾಯಿತು" ಎಂದು ಓದಿದರೆ, ಕೊಟ್ಟರೋ ಇಲ್ಲವೋ ತಿಳಿಯಲು ಕೇಳುಗರು ಕೊನೆಯ ಪದದವರೆಗೆ ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡಿರಬೇಕು. ಆ ಕೊನೆಯ ಪದಕ್ಕೆ ಬರುವಷ್ಟರಲ್ಲಿ ಓದುವವರ ಉಸಿರು ಮುಗಿದು ದನಿ ತಗ್ಗಿರುತ್ತದೆ, ಕಣ್ಣು ಮುಂದಿನ ಸಾಲಿಗೆ ಹೋಗಿರುತ್ತದೆ. ಅದನ್ನೇ ಹೀಗೆ ಬರೆದುಕೊಳ್ಳಿ: "ಈ ವರ್ಷ ಮೂರು ಶಾಲೆಗಳಿಗೆ ನೆರವು ಕೊಟ್ಟಿದ್ದೇವೆ. ಏನೇನು ಕೊಟ್ಟೆವು? ಪುಸ್ತಕ, ಬೆಂಚು, ನೀರಿನ ಫಿಲ್ಟರ್." ಎಂಟು ಹತ್ತು ಪದಕ್ಕೆ ವಾಕ್ಯ ನಿಲ್ಲಿಸಿ. ಪ್ರತಿ ವಾಕ್ಯದ ಕೊನೆಯ ಎರಡು ಪದಗಳನ್ನು ಹಾಳೆ ಬಿಟ್ಟು ತಲೆಯೆತ್ತಿ ಹೇಳುವುದನ್ನು ಅಭ್ಯಾಸ ಮಾಡಿ. ಓದಿನ ಗುಣ ಅರ್ಧಕ್ಕರ್ಧ ಸುಧಾರಿಸುವುದು ಇದೊಂದರಿಂದಲೇ.

ಹಾಳೆ ಹೀಗಿರಲಿ: 18 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಎರಡು ಪಟ್ಟು ಅಂತರ, ಒಂದೇ ಮಗ್ಗುಲಿಗೆ ಮುದ್ರಣ. ಪುಟದ ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಡಿ. ಅಲ್ಲಿಯವರೆಗೂ ಓದಬೇಕಾದರೆ ಗದ್ದ ಎದೆಗೆ ತಾಗುತ್ತದೆ, ಮೈಕ್‌ಗೆ ದನಿ ಸಿಗುವುದಿಲ್ಲ. ಉಸಿರು ತೆಗೆದುಕೊಳ್ಳುವ ಕಡೆಗೆ ಸಾಲು ಮುರಿಯಿರಿ. ಕವಿತೆಯ ಸಾಲುಗಳ ಹಾಗೆ ಒಡೆದು ಜೋಡಿಸಿದ ಪ್ರತಿಯನ್ನೇ ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಬಳಸುತ್ತಿದ್ದರು. ಪುಟದ ಕೊನೆಯಲ್ಲಿ ವಾಕ್ಯವೂ ಮುಗಿದಿರಬೇಕು, ಪುಟ ತಿರುಗಿಸುವ ಹೊತ್ತಿಗೆ ವಾಕ್ಯ ತುಂಡಾಗಬಾರದು. ಸ್ಟೇಪಲ್ ಹಾಕಬೇಡಿ. ಮುಗಿದ ಹಾಳೆಯನ್ನು ಪಕ್ಕಕ್ಕೆ ಸರಿಸುವುದು ಮಗುಚುವುದಕ್ಕಿಂತ ಸಲೀಸು, ಮೈಕ್‌ನಲ್ಲಿ ಸರಸರ ಸದ್ದೂ ಬರುವುದಿಲ್ಲ. ಪುಟಸಂಖ್ಯೆ ದೊಡ್ಡದಾಗಿರಲಿ. ದೊಡ್ಡ ಮೊತ್ತಗಳನ್ನು ಅಂಕಿಯ ಜೊತೆಗೆ ಅಕ್ಷರದಲ್ಲೂ ಬರೆಯಿರಿ: 4,37,500 ಎಂದಷ್ಟೇ ಇದ್ದರೆ ಕಣ್ಣು ಸೊನ್ನೆ ಎಣಿಸುತ್ತ ನಿಲ್ಲುತ್ತದೆ. ಶಾಮಿಯಾನದ ಕೆಳಗಾದರೆ ಕ್ಲಿಪ್ ಇರುವ ರಟ್ಟು ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಫ್ಯಾನ್ ಗಾಳಿಗೆ ಹಾಳೆ ಹಾರುತ್ತದೆ. ಮೊಬೈಲಿನಲ್ಲಿ ಓದುವುದನ್ನು ಆದಷ್ಟು ತಪ್ಪಿಸಿ. ತೆರೆ ಆರುತ್ತದೆ, ಕರೆ ಬರುತ್ತದೆ, ಬೆರಳು ತಾಗಿ ಸಾಲು ಎಲ್ಲಿಗೋ ಜಾರುತ್ತದೆ.

ಉದ್ದ ಎಷ್ಟಿರಬೇಕು? ಇಂಗ್ಲಿಷಿಗೆ ಹೇಳುವ ನಿಮಿಷಕ್ಕೆ 120–150 ಪದಗಳ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ವಿಭಕ್ತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿ ಪದ ಉದ್ದವಾಗುತ್ತದೆ. ನಿಧಾನದ ಓದಿಗೆ ನಿಮಿಷಕ್ಕೆ 80ರಿಂದ 100 ಪದ ಎಂದಿಟ್ಟುಕೊಂಡು ಬರೆಯಿರಿ, ಆಮೇಲೆ ಒಂದು ಪುಟವನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಿ ಸರಿಪಡಿಸಿ. ಮನಸ್ಸಿನಲ್ಲೇ ಓದಿದ ಲೆಕ್ಕ ಯಾವತ್ತೂ ಕಡಿಮೆಯೇ ತೋರಿಸುತ್ತದೆ.

ಬಾಯಿಪಾಠ

1904ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಂಸತ್ತಿನ ಕಾಮನ್ಸ್ ಸಭೆಯಲ್ಲಿ ಇದೇ ಚರ್ಚಿಲ್ ನೆನಪಿನಿಂದಲೇ ಮಾತಾಡುತ್ತಿದ್ದಾಗ ನಡುವೆ ಎಳೆ ತಪ್ಪಿಹೋಯಿತು. ಮುಂದುವರಿಸಲಾಗದೆ ಕುಳಿತುಬಿಟ್ಟರು. ಆ ಮೇಲೆ ಅವರು ಟಿಪ್ಪಣಿ ಬಿಟ್ಟು ಮಾತಾಡಲು ಹೋಗಲಿಲ್ಲ. ಬಾಯಿಪಾಠದ ಅಪಾಯ ಇಷ್ಟೇ: ಪ್ರತಿ ವಾಕ್ಯವೂ ಹಿಂದಿನ ವಾಕ್ಯದ ಬಾಲ ಹಿಡಿದು ಬರುತ್ತದೆ, ಒಂದು ಜಾರಿದರೆ ಮುಂದಿನದಕ್ಕೆ ದಾರಿ ಸಿಗುವುದಿಲ್ಲ.

ಇದಕ್ಕೆ ಜಾಗವೇ ಇಲ್ಲವೆಂದಲ್ಲ. ಮೂರರಿಂದ ಐದು ನಿಮಿಷದ ಸ್ಪರ್ಧೆ, ಶಾಲೆಯ ಪ್ರತಿಭಾ ಕಾರಂಜಿ, ಮಕ್ಕಳ ಮೊದಲ ವೇದಿಕೆ, ಇಲ್ಲೆಲ್ಲ ಬಾಯಿಪಾಠ ಧೈರ್ಯ ಕೊಡುತ್ತದೆ. ಅದಕ್ಕಿಂತ ಉದ್ದದ ಭಾಷಣಕ್ಕೆ ನಾವು ಶಿಫಾರಸು ಮಾಡುವುದಿಲ್ಲ. ಮಾಡುವುದಾದರೆ ಭಾಷಣವನ್ನು ನಾಲ್ಕೈದು ತುಂಡು ಮಾಡಿ, ಪ್ರತಿ ತುಂಡಿನ ಮೊದಲ ವಾಕ್ಯವನ್ನು ಪ್ರತ್ಯೇಕವಾಗಿ ಗಟ್ಟಿಮಾಡಿಕೊಳ್ಳಿ. ಆಮೇಲೆ ಮನೆಯವರಲ್ಲಿ ಯಾರಾದರೂ "ಮೂರನೆಯದು", "ಒಂದನೆಯದು" ಎಂದು ಮನಬಂದಂತೆ ಕೂಗಲಿ, ಅಲ್ಲಿಂದಲೇ ಶುರುಮಾಡಿ. ಯಾವ ತುಂಡಿನಿಂದಲಾದರೂ ಎತ್ತಿಕೊಳ್ಳಲು ಬಂದರೆ ವೇದಿಕೆಯಲ್ಲಿ ಮರೆತಾಗ ಮುಂದಿನ ತುಂಡಿಗೆ ಹಾರಬಹುದು, ಸಭೆಗೆ ಗೊತ್ತೂ ಆಗುವುದಿಲ್ಲ. ಮಕ್ಕಳಲ್ಲಿ ಇನ್ನೊಂದು ದೋಷ ಹೆಚ್ಚು: ಪದ್ಯ ಒಪ್ಪಿಸುವ ರಾಗ. ದೊಡ್ಡವರು ಗ್ರಂಥಭಾಷೆಯಲ್ಲಿ ಬರೆದುಕೊಟ್ಟದ್ದನ್ನು ಮಗು ಅರ್ಥವಾಗದೆ ಉರು ಹೊಡೆದಾಗ ಹೀಗಾಗುತ್ತದೆ. ಮಗುವಿಗೇ ವಿಷಯ ಹೇಳಿ, ಅದು ತನ್ನ ಮಾತಲ್ಲಿ ಹೇಳಿದ್ದನ್ನು ಬರೆದುಕೊಂಡು ತಿದ್ದಿಕೊಡಿ. ರಾಗ ತಾನಾಗಿ ಬಿಟ್ಟುಹೋಗುತ್ತದೆ.

ಚೀಟಿ ಹಿಡಿದು ಮಾತಾಡುವುದು

ಹೆಚ್ಚಿನವರಿಗೆ ಹೆಚ್ಚಿನ ಸಂದರ್ಭದಲ್ಲಿ ಹೊಂದುವುದು ಇದೇ. ಏನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು ಎರಡೂ ತೀರ್ಮಾನವಾಗಿರುತ್ತವೆ, ಪದಗಳು ಮಾತ್ರ ಆ ಹೊತ್ತಿಗೆ ಬರುತ್ತವೆ. ಕರಾವಳಿ ಮಲೆನಾಡಿನ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಭಾಗವತರು ಹಾಡುವ ಪದ್ಯ ಮೊದಲೇ ರಚಿತವಾದದ್ದು, ಪಾತ್ರವಾಗಿ ಮಾತಾಡುವ ಅರ್ಥಧಾರಿ ಅದಕ್ಕೆ ಹೇಳುವ ಅರ್ಥ ಬರೆದದ್ದಲ್ಲ. ಪದ್ಯ ಹಾದಿ ತಪ್ಪದಂತೆ ನೋಡಿಕೊಳ್ಳುತ್ತದೆ, ಮಾತು ಎದುರಿನ ಪಾತ್ರಕ್ಕೆ ತಕ್ಕಂತೆ ಬೆಳೆಯುತ್ತದೆ. ನಿಮ್ಮ ಕೈಯ ಚೀಟಿ ಮಾಡಬೇಕಾದ ಕೆಲಸವೂ ಆ ಪದ್ಯದ್ದೇ.

ಅಂಚೆ ಕಾರ್ಡಿನ ಗಾತ್ರದ ದಪ್ಪ ಕಾಗದ ತೆಗೆದುಕೊಳ್ಳಿ. ಎ4 ಹಾಳೆ ಕೈಯಲ್ಲಿ ಹಿಡಿದರೆ ನಡುಕ ಕಾಣುತ್ತದೆ, ದಪ್ಪ ಕಾರ್ಡಿನಲ್ಲಿ ಕಾಣುವುದಿಲ್ಲ. ಮೂರು ನಿಮಿಷಕ್ಕೆ ಒಂದು ಕಾರ್ಡ್, ಒಂದು ಕಾರ್ಡಿನಲ್ಲಿ ಐದು ಸಾಲಿಗಿಂತ ಹೆಚ್ಚು ಬೇಡ. ಪೂರ್ತಿ ವಾಕ್ಯ ಬರೆಯಬೇಡಿ, ಬರೆದರೆ ಕಣ್ಣು ಓದಲು ಇಳಿದುಬಿಡುತ್ತದೆ. ಆದರೆ ನಾಲ್ಕು ವಸ್ತುಗಳನ್ನು ಪೂರ್ತಿಯಾಗಿಯೇ ಬರೆಯಿರಿ: ಮೊದಲ ವಾಕ್ಯ, ಕೊನೆಯ ವಾಕ್ಯ, ಹೆಸರುಗಳು, ಅಂಕಿಗಳು. ಎದೆ ಹೊಡೆದುಕೊಳ್ಳುವುದು ಮೊದಲ ಅರ್ಧ ನಿಮಿಷದಲ್ಲಿ, ಆಗ ಆಡಬೇಕಾದ ಮಾತು ಕಣ್ಣೆದುರೇ ಇರಲಿ. ಕೊನೆಯ ವಾಕ್ಯ ಬರೆದಿಟ್ಟುಕೊಳ್ಳದವರು "ಕೊನೆಯದಾಗಿ ಒಂದು ಮಾತು" ಎಂದು ಮೂರು ಸಲ ಹೇಳುತ್ತಾರೆ, ಎಲ್ಲಿ ಇಳಿಯಬೇಕೆಂದು ಗೊತ್ತಾಗದೆ ಮತ್ತೆ ಸುತ್ತುತ್ತಾರೆ. ಕಾರ್ಡುಗಳಿಗೆ ಸಂಖ್ಯೆ ಹಾಕಿ, ಮೂಲೆಯಲ್ಲಿ ತೂತು ಮಾಡಿ ದಾರ ಕಟ್ಟಿ.

ಹತ್ತು ನಿಮಿಷಕ್ಕೆ ಮೂರೇ ಅಂಶ. ಪೀಠಿಕೆಗೆ ಒಂದು ನಿಮಿಷ, ಒಂದೊಂದು ಅಂಶಕ್ಕೆ ಎರಡೂವರೆ, ಮುಕ್ತಾಯಕ್ಕೆ ಒಂದು. ಉಳಿಯುವ ಅರ್ಧ ನಿಮಿಷ ಚಪ್ಪಾಳೆಗೆ, ಮೈಕ್ ಸರಿಪಡಿಸಲು ಹೋಗುತ್ತದೆ. ಪ್ರತಿ ಕಾರ್ಡಿನ ಬಲಮೂಲೆಯಲ್ಲಿ ಅದು ಮುಗಿಯಬೇಕಾದ ನಿಮಿಷ ಬರೆಯಿರಿ. ಈ ರೀತಿಯ ದೊಡ್ಡ ರೋಗ ಸಮಯ ಮೀರುವುದು. ಮೊದಲ ಅಂಶ ಇಷ್ಟವಾದದ್ದಾಗಿರುತ್ತದೆ, ಅದರಲ್ಲೇ ಆರು ನಿಮಿಷ ಕಳೆದು ಉಳಿದೆರಡನ್ನು ಓಡಿಸಬೇಕಾಗುತ್ತದೆ.

ಅಭ್ಯಾಸ ಗಟ್ಟಿಯಾಗಿಯೇ ಆಗಬೇಕು, ನಿಂತುಕೊಂಡೇ ಆಗಬೇಕು. ನಾಲ್ಕು ಸಲ ಹೇಳಿ, ಪ್ರತಿ ಸಲವೂ ಬೇರೆ ಪದಗಳಲ್ಲಿ. ಯಾವ ಅಂಶಕ್ಕೆ ಬೇರೆ ಪದಗಳೇ ಹುಟ್ಟುವುದಿಲ್ಲವೋ ಅದು ನಿಮಗಿನ್ನೂ ಪೂರ್ತಿ ಅರ್ಥವಾಗಿಲ್ಲ, ಮತ್ತೆ ಓದಿಗೆ ಕುಳಿತುಕೊಳ್ಳಿ. ಮೂರನೆಯ ಸಲದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. "ಅಂತಕ್ಕಂಥ", "ಏನಪ್ಪಾ ಅಂದ್ರೆ", "ಹೇಳೋದಾದ್ರೆ" ಎಷ್ಟು ಸಲ ಬಂತು ಎಂದು ಗೀಟು ಹಾಕಿಕೊಳ್ಳಿ. ಮುಂದಿನ ವಾಕ್ಯ ಹುಡುಕುವಾಗ ಬಾಯಿಗೆ ಏನಾದರೂ ಕೆಲಸ ಬೇಕೆನಿಸಿ ಇವು ಬರುತ್ತವೆ. ಆ ಜಾಗದಲ್ಲಿ ಬಾಯಿ ಮುಚ್ಚಿ ಉಸಿರೆಳೆದುಕೊಳ್ಳಿ, ಎರಡು ಸೆಕೆಂಡಿನ ಮೌನ ನಿಮಗೆ ಉದ್ದವೆನಿಸಿದರೂ ಸಭೆಗೆ ಹಿತವಾಗಿಯೇ ಇರುತ್ತದೆ.

ಕಚೇರಿಯಲ್ಲಿ ಇಂಗ್ಲಿಷ್ ಬಳಸುವವರು ಚೀಟಿಯನ್ನೂ ಇಂಗ್ಲಿಷಿನಲ್ಲೇ ಬರೆದುಕೊಂಡು ಕನ್ನಡದಲ್ಲಿ ಮಾತಾಡಲು ಹೊರಡುತ್ತಾರೆ. ಆಗ ವೇದಿಕೆಯ ಮೇಲೆ ನಿಂತು ಅನುವಾದ ಮಾಡಬೇಕಾಗುತ್ತದೆ, ಪ್ರತಿ ಸಾಲಿಗೂ ತಡವಾಗುತ್ತದೆ. ಯಾವ ಭಾಷೆಯಲ್ಲಿ ಮಾತಾಡುತ್ತೀರೋ ಆ ಭಾಷೆಯಲ್ಲೇ ಚೀಟಿ ಇರಲಿ. ಹೊರದೇಶದ ಕನ್ನಡ ಕೂಟಗಳ ರಾಜ್ಯೋತ್ಸವದಲ್ಲಿ ಮಾತಾಡುವ ಎರಡನೇ ತಲೆಮಾರಿನ ಮಕ್ಕಳಿಗೆ ಕನ್ನಡ ಮಾತು ಬಂದೂ ಲಿಪಿ ಬಾರದಿರಬಹುದು. ಅವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡರೆ ಏನೂ ತಪ್ಪಿಲ್ಲ. ಆದರೆ ಹಾಗೆ ಬರೆದ ಪೂರ್ತಿ ವಾಕ್ಯಗಳನ್ನು ಓದುವಾಗ ದೀರ್ಘ, ಒತ್ತಕ್ಷರ, ಳಕಾರಗಳೆಲ್ಲ ಏರುಪೇರಾಗುತ್ತವೆ. ಅವರಿಗೆ ಎರಡು ಮೂರು ನಿಮಿಷದ ಚಿಕ್ಕ ಮಾತು, ಕಾರ್ಡಿನಲ್ಲಿ ಹತ್ತೇ ಪದ ಸಾಕು.

ಆಶುಭಾಷಣ

ತಯಾರಿಯಿಲ್ಲದೆ ಆ ಹೊತ್ತಿಗೇ ಆಡುವ ಈ ಮಾತನ್ನು ಆರಿಸಿಕೊಳ್ಳುವುದು ಅಪರೂಪ, ಹೆಚ್ಚಾಗಿ ಇದು ತಲೆಯ ಮೇಲೆ ಬೀಳುತ್ತದೆ. ಸ್ಪರ್ಧೆಯಲ್ಲಿ ವಿಷಯದ ಚೀಟಿ ಎತ್ತಿದ ಮೇಲೆ ಒಂದೆರಡು ನಿಮಿಷ ಕೊಡುತ್ತಾರೆ. ಸಭೆಯಲ್ಲಿ "ಸರ್ ಎರಡು ಮಾತಾಡಬೇಕು" ಎಂದು ನಿರೂಪಕರು ಕರೆದರೆ ಕುರ್ಚಿಯಿಂದ ಮೈಕ್‌ವರೆಗೆ ನಡೆಯುವಷ್ಟೇ ಹೊತ್ತು. ಅಷ್ಟರಲ್ಲಿ ಮಾಡಬಹುದಾದದ್ದು ಒಂದು: ಕೊನೆಯ ವಾಕ್ಯ ಯಾವುದೆಂದು ತೀರ್ಮಾನಿಸುವುದು. ನಂತರ ಒಂದು ಅಭಿಪ್ರಾಯ, ಅದಕ್ಕೊಂದು ಕಾರಣ, ನೀವು ಕಂಡ ಒಂದು ಉದಾಹರಣೆ, ಆ ಕೊನೆಯ ವಾಕ್ಯ. ಎರಡು ನಿಮಿಷ ಆಯಿತು, ಕುಳಿತುಕೊಳ್ಳಿ. ತಯಾರಿ ಇಲ್ಲದೆ ಬಂದಿದ್ದೇನೆ ಎಂಬ ಪೀಠಿಕೆ ಬೇಡವೇ ಬೇಡ.

ಆ ಕ್ಷಣದಲ್ಲಿ ಹೊಸದೇನಾದರೂ ಹೊಳೆಯುತ್ತದೆ ಎಂದು ಕಾಯಬೇಡಿ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಭಾಷಣದ ಕೊನೆಯ ಭಾಗದಲ್ಲಿ ಸಿದ್ಧಪ್ರತಿಯನ್ನು ಬಿಟ್ಟು "ನನಗೊಂದು ಕನಸಿದೆ" ಎಂಬ ಮಾತುಗಳನ್ನು ಆಡಿದರು. ಆ ಮಾತುಗಳು ಅಂದು ಹುಟ್ಟಿದವಲ್ಲ, ಅದೇ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಕನಸಿನ ಆ ಮಾತನ್ನು ಅವರು ಆಗಲೇ ಆಡಿದ್ದರು. ಆಶುಭಾಷಣದಲ್ಲಿ ಕೈಹಿಡಿಯುವುದು ಮುಂಚೆ ಹತ್ತು ಕಡೆ ಆಡಿ ಪಳಗಿದ ಮಾತು. ಹಾಗಾಗಿ ಯಾವುದೇ ಸಭೆಗೆ ಕೇಳುಗರಾಗಿ ಹೋಗುವಾಗಲೂ, ಕರೆದರೆ ಹೇಳಬಹುದಾದ ಒಂದು ಪ್ರಸಂಗ ನೆನಪಿನಲ್ಲಿರಲಿ. ಇದೇ ಕಾರಣಕ್ಕೆ, ನಿಮಗೆ ವಿಷಯ ಹೊಸದಾಗಿದ್ದರೆ ಆಶುಭಾಷಣವನ್ನು ನೀವಾಗಿ ಆರಿಸಿಕೊಳ್ಳಲೇಬೇಡಿ.

ಸ್ಲೈಡ್, ಪ್ರಾಂಪ್ಟರ್

ಸ್ಲೈಡ್ ಬೇಕಾಗುವುದು ತೋರಿಸಲೇಬೇಕಾದ ನಕ್ಷೆ, ಚಿತ್ರ, ಅಂಕಿಪಟ್ಟಿ ಇದ್ದಾಗ. ಮಾತನ್ನೇ ಅದರ ಮೇಲೆ ಬರೆದರೆ ನೀವು ಸಭೆಗೆ ಬೆನ್ನು ಹಾಕಿ ಓದುತ್ತೀರಿ, ಸಭೆ ನಿಮಗಿಂತ ಮೊದಲೇ ಓದಿ ಮುಗಿಸಿರುತ್ತದೆ. ಕರೆಂಟ್ ಹೋಗಬಹುದು, ಬೇರೆಯವರ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಚೌಕ ಚೌಕವಾಗಬಹುದು. ಪಿಡಿಎಫ್ ಪ್ರತಿಯೂ ಕಾರ್ಡುಗಳೂ ಜೊತೆಗಿರಲಿ. ಬರೆದ ಮಾತನ್ನು ಕಣ್ಣೆದುರಿನ ತೆರೆಯಲ್ಲಿ ಸಾಲು ಸಾಲಾಗಿ ಸರಿಸುತ್ತ ತೋರಿಸುವ ಪ್ರಾಂಪ್ಟರ್, ಕ್ಯಾಮೆರಾ ಮುಂದೆ ಮಾತಾಡುವವರಿಗೆ ಚೆನ್ನ. ಖರ್ಚು ಬೇಡವೆಂದರೆ ಟ್ಯಾಬ್‌ನಲ್ಲಿ ಅದರ ಆ್ಯಪ್ ಹಾಕಿಕೊಂಡು ಕ್ಯಾಮೆರಾಕ್ಕೆ ಅಂಟಿದಂತೆ ಇಟ್ಟುಕೊಳ್ಳಬಹುದು. ಸಾಲಿಗೆ ಮೂರು ನಾಲ್ಕು ಪದ ಮಾತ್ರ ಬರುವಂತೆ ಅಗಲ ಕಡಿಮೆ ಮಾಡಿ, ಇಲ್ಲದಿದ್ದರೆ ಕಣ್ಣು ಎಡದಿಂದ ಬಲಕ್ಕೆ ಓಡುವುದು ನೋಡುಗರಿಗೆ ಕಾಣುತ್ತದೆ.

ಯಾರಿಗೆ ಯಾವುದು

ಸ್ವಾಗತ ಮತ್ತು ವಂದನಾರ್ಪಣೆ ಮಾಡುವವರು ಹೆಸರುಗಳನ್ನು ಓದಿ, ನಡುವಿನ ಎರಡು ವಾಕ್ಯಗಳನ್ನು ಮಾತ್ರ ತಲೆಯೆತ್ತಿ ಮಾತಾಡಿ. ಪಟ್ಟಿಯನ್ನು ಸಭೆ ಶುರುವಾಗುವ ಮುಂಚೆ ಆಯೋಜಕರ ಎದುರು ಒಮ್ಮೆ ಗಟ್ಟಿಯಾಗಿ ಓದಿ, ಬಿರುದು, ಹುದ್ದೆ, ಉಚ್ಚಾರಣೆ ತಿದ್ದಿಸಿಕೊಳ್ಳಿ. ಬೀಳ್ಕೊಡುಗೆಗೆ ಒಂದೇ ಕಾರ್ಡ್. ನುಡಿನಮನದಲ್ಲಿ ಗಂಟಲು ಕಟ್ಟುವ ಸಾಧ್ಯತೆ ಇರುವುದರಿಂದ ಪೂರ್ತಿ ಬರೆದ ಹಾಳೆಯೂ ಜೊತೆಗಿರಲಿ, ಅಂಥ ಹೊತ್ತಿನಲ್ಲಿ ಓದುವುದನ್ನು ಯಾರೂ ಕೊರತೆಯೆಂದು ನೋಡುವುದಿಲ್ಲ. ಪಂಚಾಯಿತಿ ಗ್ರಾಮಸಭೆಯಲ್ಲಿ ಬೇಡಿಕೆ ಇಡುವವರು ಬೇಡಿಕೆಯನ್ನು ಬರೆದು ಓದಿ, ಪ್ರತಿಯನ್ನು ಕೈಗೆ ಕೊಟ್ಟು, ಕಷ್ಟವನ್ನು ಮಾತಲ್ಲಿ ವಿವರಿಸಲಿ. ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರಿಗೆ ಇಪ್ಪತ್ತು ಪುಟ ಬರೆದು ಹದಿನೈದು ನಿಮಿಷದಲ್ಲಿ ಓದುವ ಚಟವಿದೆ. ಪ್ರಬಂಧ ಅಚ್ಚಿಗೆ ಹೋಗಲಿ. ವೇದಿಕೆಗೆ ಅದರ ವಾದವನ್ನು ಕಾರ್ಡಿಗೆ ಇಳಿಸಿ, ಉಲ್ಲೇಖಗಳನ್ನು ಮಾತ್ರ ಓದಿ. ಮೊದಲ ಸಲ ಮಾತಾಡುವವರು, ಭಯ ಹೆಚ್ಚಿರುವವರು ಪೂರ್ತಿ ಬರೆಯುವುದರಿಂದ ಶುರುಮಾಡಿ, ಎರಡನೆಯ ಸಲ ಅದೇ ವಿಷಯಕ್ಕೆ ಕಾರ್ಡ್ ಮಾಡಿಕೊಳ್ಳಿ.

ಹದಿನೈದು ನಿಮಿಷ ಐದಾದಾಗ

ನಮ್ಮ ಸಭೆಗಳಲ್ಲಿ ಇದು ಆಗಿಯೇ ಆಗುತ್ತದೆ. ಅತಿಥಿಗಳು ತಡವಾಗಿ ಬಂದಿರುತ್ತಾರೆ, ಸನ್ಮಾನ ಉದ್ದವಾಗಿರುತ್ತದೆ, ಸಂಘಟಕರು ಪಕ್ಕಕ್ಕೆ ಬಂದು "ಐದು ನಿಮಿಷದಲ್ಲಿ ಮುಗಿಸಿ" ಎಂದು ಪಿಸುಗುಟ್ಟುತ್ತಾರೆ. ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ, ಸರಪಳಿಯನ್ನು ನಡುವೆ ಕತ್ತರಿಸಲಾಗದೆ ವೇಗ ಹೆಚ್ಚಿಸುತ್ತಾರೆ. ಬರೆದು ತಂದವರು ಮನೆಯಲ್ಲೇ, ಬಿಡಬಹುದಾದ ಪ್ಯಾರಾಗಳ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟುಕೊಂಡಿರಬೇಕು. ಮೊದಲ ಪುಟ, ಗೆರೆಯಿಲ್ಲದ ಪ್ಯಾರಾಗಳು, ಕೊನೆಯ ಪುಟ ಓದಿದರೆ ಐದು ನಿಮಿಷಕ್ಕೆ ಸರಿಹೋಗುವಂತೆ ಮೊದಲೇ ಅಳೆದಿರಬೇಕು. ಕಾರ್ಡ್ ಹಿಡಿದವರು ಮೊದಲ ಕಾರ್ಡಿನ ಆರಂಭದ ವಾಕ್ಯ, ಅಂಶಗಳಲ್ಲಿ ಗಟ್ಟಿಯಾದ ಒಂದು, ಕೊನೆಯ ಕಾರ್ಡಿನ ಮುಕ್ತಾಯ ಇಷ್ಟನ್ನು ಮಾತ್ರ ಹೇಳಿ ಉಳಿದ ಕಾರ್ಡುಗಳನ್ನು ಮಗುಚಿಬಿಡಬೇಕು. ಬಿಟ್ಟ ಅಂಶಗಳ ಹೆಸರು ಹೇಳಿ ಸಮಯವಿಲ್ಲವೆಂದು ವಿಷಾದಿಸಬೇಡಿ, ಆ ವಿಷಾದಕ್ಕೇ ಒಂದು ನಿಮಿಷ ಹೋಗುತ್ತದೆ.